ಅವಧಿ ಮೀರಿದ ಧಾರಣೆ

ಪರರ ಬರಹದಲ್ಲಿ ದೋಷವನ್ನು ಹುಡುಕುವುದೇ ವೃತ್ತಿಯಾಗಿ, ಆ ವೃತ್ತಿಗೆ ತಿಂಗಳು ತಿಂಗಳೂ ವೇತನ ದೊರೆಯತಕ್ಕ ಭಾಗ್ಯವು ಹಿಂದಿನ ಸಾಹಿತ್ಯವಿಮರ್ಶಕರಿಗೂ ಲಭಿಸಿದ್ದಿಲ್ಲ. ಅವರು ವಿಮರ್ಶೆಯಿಂದ ಹಗೆಗಳನ್ನು ಮಾತ್ರ ಸಂಪಾದಿಸಿ, ಅಕ್ಕಿಬೇಳೆಗೆ ಕಾಲೇಜಿನ ಪಾಠವನ್ನೇ ನೆಚ್ಚಿಕೊಳ್ಳಬೇಕಾಗಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಾದರೋ ಕೂದಲು ನರೆಯುತ್ತ ಬಂದಂತೆ ಈ ಭಾಗ್ಯವು ಅಪೇಕ್ಷಿಸದೆಯೇ ಒದಗಿಬರುತ್ತದೆ. ಈತನ ಕೈ ಮೊದಲಿನಂತೆ ಚುರುಕಾಗಿಲ್ಲವೆಂದು ಮೇಲಿನವರಿಗೆ ತೋರಿದ ಕೂಡಲೆ, ಅದನ್ನು ಬಾಯಿಬಿಟ್ಟು ನುಡಿಯಲು ಸಂಕೋಚಪಟ್ಟು, "ಇನ್ನು ಮೇಲೆ ನೀವು ಕೋಡ್ ರಿವ್ಯೂ ನೋಡಿಕೊಂಡರೆ ಸಾಕು ಸರ್, ನಿಮ್ಮ ಅನುಭವ ನಮಗೆ ಬೇಕು" ಎಂದು ವಿನಯದಿಂದ ವಿಜ್ಞಾಪಿಸುವರು. ಆ ವಿನಯದ ಅರ್ಥ ತಿಳಿಯದವನಲ್ಲ ನಾನು. ಆದರೂ ಈ ಕೆಲಸ ನನಗೆ ಒಗ್ಗಿದೆ. ಬರೆದವನಿಗೆ ತಾನು ಬರೆದದ್ದು ನಡೆಯುವ ರೀತಿಯೊಂದೇ ಕಾಣುತ್ತದೆ. ಅದು ಕೆಡಬಹುದಾದ ನಾನಾ ರೀತಿಗಳನ್ನು ಕುಳಿತು ಊಹಿಸುವ ಸುಖವು ಓದುವವನಿಗೆ ಮೀಸಲು.

ಈ ಸುಖಕ್ಕೂ ಒಂದು ಶಾಸ್ತ್ರವುಂಟು. ಐಬಿಎಂ ಕಂಪನಿಯಲ್ಲಿದ್ದ ಮೈಕೇಲ್ ಫೇಗನ್ ೧೯೭೬ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಸಭೆಗೆ ಸೂತ್ರಧಾರನೊಬ್ಬ, ವಿನ್ಯಾಸ ಮಾಡಿದವನೊಬ್ಬ, ಕೋಡ್ ಬರೆದವನೊಬ್ಬ, ಪರೀಕ್ಷಿಸುವವನೊಬ್ಬ ಎಂದು ಪಾತ್ರಗಳನ್ನು ಹಂಚಿ, ಒಂದೊಂದು ಬೈಠಕ್ಕು ಎರಡು ಗಂಟೆಯನ್ನು ಮೀರಲಾಗದೆಂದು ಕಟ್ಟಳೆಯಿಟ್ಟು, ಯಜ್ಞವಿಧಿಯನ್ನು ನಿರೂಪಿಸುವ ಶ್ರದ್ಧೆಯಿಂದ ಎಲ್ಲವನ್ನೂ ವಿವರಿಸಿದ್ದಾನೆ. ನಮ್ಮ ಕಾಲಕ್ಕೆ ಆ ಯಜ್ಞವು ಬಹಳ ಸಂಕ್ಷೇಪಗೊಂಡಿದೆ. ಊಟಕ್ಕೂ ಮುಂದಿನ ಮೀಟಿಂಗಿಗೂ ನಡುವೆ ದೊರೆತ ಅಲ್ಪ ವಿರಾಮದಲ್ಲಿ ಪರದೆಯನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಸರಿಸಿ, 'ಎಲ್‌ಜಿಟಿಎಂ' ಎಂದು ಬೀಜಾಕ್ಷರಗಳನ್ನು ಒತ್ತಿದರೆ, ನೋಡಿದ್ದೇನೆ, ಚೆನ್ನಾಗಿಯೇ ಕಾಣುತ್ತದೆ ಎಂದು ಹೇಳಿದಂತಾಗಿ ಪೂರ್ಣಾಹುತಿಯೂ ಆಗಿಹೋಗುತ್ತದೆ.

ಈಚೆಗೆ ನನ್ನ ಪಾಲಿಗೆ ಬಂದ ಪುಲ್ ರಿಕ್ವೆಸ್ಟು ಅಡಕೆಯ ಧಾರಣೆಗೆ ಸಂಬಂಧಪಟ್ಟುದು. ಶಿರಸಿ, ಸಾಗರ, ಶಿವಮೊಗ್ಗಗಳಲ್ಲಿ ಈ ದಿನ ರಾಶಿಗೆಷ್ಟು, ಚಾಲಿಗೆಷ್ಟು, ಬೆಟ್ಟೆಗೆಷ್ಟು, ಗೊರಬಲಿಗೆಷ್ಟು ಎಂಬುದನ್ನು ಬೆಳೆಗಾರನ ಮೊಬೈಲಿಗೆ ತಲುಪಿಸುವ ಆ್ಯಪು ಒಂದಿದೆ. ಅದರ ಹಿಂದೆ ಕೆಲಸ ಮಾಡುವ ಸರ್ವರಿನ ಕೋಡು ಇದು. ಮೂಲ ಅಂಕಿಗಳಿರುವುದು ಬೇರೊಂದು ಸರ್ವರಿನಲ್ಲಿ. ಅದು ಕೇಳಿದ ಪ್ರಶ್ನೆಗೆ ಸಾವಕಾಶವಾಗಿ ಉತ್ತರಿಸುತ್ತದೆ. ಕೇಳುವವರು ಹೆಚ್ಚಾದರೆ ಉತ್ತರಿಸುವುದನ್ನೇ ಬಿಟ್ಟುಬಿಡುತ್ತದೆ. ಆದಕಾರಣ ಒಮ್ಮೆ ಕೇಳಿ ತಿಳಿದ ಧಾರಣೆಯನ್ನು ಹತ್ತು ನಿಮಿಷಗಳ ಕಾಲ ನಮ್ಮಲ್ಲಿಯೇ ಕ್ಯಾಶ್ ಮಾಡಿಟ್ಟುಕೊಂಡು, ಬಂದವರಿಗೆಲ್ಲ ಅದನ್ನೇ ಕೊಡುವುದು ವಾಡಿಕೆ. ದೊಡ್ಡದಾಗಿ ನಿಧಾನವಾದ ಸ್ಮೃತಿಯ ಮುಂದೆ ಚಿಕ್ಕದಾಗಿ ವೇಗವಾದ ಸ್ಮೃತಿಯನ್ನಿಡುವ ಈ ಉಪಾಯವನ್ನು ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ ೧೯೬೫ರಲ್ಲಿ ಎರಡೇ ಪುಟಗಳಲ್ಲಿ ಹೇಳಿ ಮುಗಿಸಿದ್ದನು. ಹಾಗೆ ಇಟ್ಟುಕೊಂಡದ್ದು ಯಾವಾಗ ಹಳಸಿತು, ಹಳಸಿದ ಮೇಲೆ ಏನು ಮಾಡತಕ್ಕದ್ದು ಎಂಬ ವಿಚಾರದಲ್ಲಿ ಅಲ್ಲಿಂದೀಚೆಗೆ ಲೋಕವು ಎಷ್ಟು ಪುಟಗಳನ್ನು ತುಂಬಿದೆಯೋ ದೇವರೇ ಬಲ್ಲ.

ಹತ್ತು ನಿಮಿಷ ಕಳೆದೊಡನೆ ಬಂದ ಬಡಪಾಯಿಯನ್ನು ಕಾಯಿಸಬೇಕೇ ಎಂಬುದು ಪ್ರಶ್ನೆ. ಇದಕ್ಕೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಉತ್ತರವಿದೆ. ಅಕಾಲದಲ್ಲಿ ಅತಿಥಿ ಬಂದಾಗ, ಫಿಲ್ಟರಿಗೆ ಹೊಸ ಪುಡಿ ಹಾಕಿ, ಬಿಸಿನೀರು ಹೊಯ್ದು, ಅದು ಹನಿಹನಿಯಾಗಿ ಇಳಿಯುವವರೆಗೆ ಆತನಿಂದ ಹವಾಮಾನದ ಮಾತನ್ನಾಡಿಸುತ್ತ ಕೂರುವ ಗೃಹಿಣಿ ಅನುಭವಶಾಲಿಯಲ್ಲ. ಬಲ್ಲವಳು ಬೆಳಗಿನ ಡಿಕಾಕ್ಷನ್ನಿನಲ್ಲಿಯೇ ಆತನಿಗೆ ಒಂದು ಲೋಟ ಕಾಫಿ ಬೆರೆಸಿ ಕಳುಹಿಸಿ, ಅದೇ ಗಳಿಗೆಯಲ್ಲಿ ಅಡಿಗೆಮನೆಯಲ್ಲಿ ಹೊಸ ಡಿಕಾಕ್ಷನ್ನಿಗೆ ಇಡುವಳು. ಬಂದವನು ಕಾಯಲಿಲ್ಲ, ಇನ್ನೊಬ್ಬ ಬಂದರೆ ಅವನಿಗೆ ಹೊಸತು ಸಿದ್ಧ. ಅಂತರಜಾಲದ ಶಾಸನಕಾರರು ಇದೇ ಶಿಷ್ಟಾಚಾರವನ್ನು ೨೦೧೦ರಲ್ಲಿ ಆರ್‌ಎಫ್‌ಸಿ ೫೮೬೧ ಎಂಬ ಪತ್ರದಲ್ಲಿ ಅಂಗೀಕರಿಸಿದರು. ಅಲ್ಲಿ ಕೊಟ್ಟಿರುವ ನಿದರ್ಶನದಂತೆ ೬೦೦ ಸೆಕೆಂಡುಗಳವರೆಗೆ ಪದಾರ್ಥ ತಾಜಾ. ಆಮೇಲಿನ ೩೦ ಸೆಕೆಂಡು ಹಳತನ್ನೇ ಕೊಡುತ್ತ ಹಿನ್ನೆಲೆಯಲ್ಲಿ ಹೊಸತನ್ನು ತರಿಸಬಹುದು. ಅದನ್ನೂ ಮೀರಿದರೆ ಕೇಳಿದವನು ಕಾಯಲೇಬೇಕು. ಈ ಕೊನೆಯ ವಾಕ್ಯವನ್ನು ನನ್ನ ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಕೋಡ್ ಬರೆದ ತರುಣ ಇಟ್ಟುಕೊಂಡಿರಲಿಲ್ಲ.

ತರುಣನು ಸಾಗರದ ಕಡೆಯವನು, ಬುದ್ಧಿವಂತ, ಮಿತಭಾಷಿ. ಅವನ ಕೋಡನ್ನು ನನಗಿಂತ ಮೊದಲೇ ಓದಿದ್ದ ಮಿತ್ರರು, ಒಂದು ಚರಾಕ್ಷರಕ್ಕೆ 'ಡೇಟಾ' ಎಂದು ಹೆಸರಿಡುವುದು ಸರಿಯೇ, 'ರೇಟ್ಸ್' ಎನ್ನುವುದು ಸರಿಯೇ ಎಂಬ ವಿಷಯದಲ್ಲಿ ಪರಸ್ಪರ ಖಂಡನಮಂಡನಗಳನ್ನು ನಡೆಸಿ, ಕೊನೆಗೆ 'ರೇಟ್ಸ್ ಡೇಟಾ' ಎಂಬ ರಾಜಿಗೆ ಬಂದು ನಿಂತಿದ್ದರು. ಕೋಡು ಮಾಡುತ್ತಿದ್ದ ಕೆಲಸದ ಬಗ್ಗೆ ಯಾರೊಬ್ಬರೂ ಒಂದಕ್ಷರ ಬರೆದಿರಲಿಲ್ಲ. ನಾಮಕರಣಕ್ಕೆ ನೆರೆದ ಬಂಧುಗಳು ಕೂಸಿಗೆ ಜ್ವರವಿದೆಯೇ ಎಂದು ವಿಚಾರಿಸುವ ಪದ್ಧತಿ ನಮ್ಮಲ್ಲಿಲ್ಲವಷ್ಟೆ.

ಅವಧಿ ಮೀರಿದೆಯೆಂದು ಕಂಡ ಕೂಡಲೆ ಹಳತನ್ನು ಕೊಟ್ಟು, ಹೊಸತನ್ನು ತರಲು ಹಿನ್ನೆಲೆಗೆ ಒಂದು ಥ್ರೆಡ್ಡನ್ನು ಅಟ್ಟುವುದು ಅವನ ಕ್ರಮ. ನೋಡಲು ಸುಂದರವಾಗಿತ್ತು. ಆದರೆ ಟೆಂಡರು ಮುಗಿದು ಧಾರಣೆ ಹೊರಬೀಳುವ ಹೊತ್ತಿಗೆ ಮಲೆನಾಡಿನ ಅರ್ಧಕ್ಕರ್ಧ ಜನ ಮೊಬೈಲು ತೆರೆಯುವರು. ಆ ಸಮಯಕ್ಕೆ ಸರಿಯಾಗಿ ಹತ್ತು ನಿಮಿಷ ಮುಗಿದರೆ, ಅವಧಿ ಮೀರಿತೆಂಬುದು ಎಲ್ಲರ ಕಣ್ಣಿಗೂ ಏಕಕಾಲದಲ್ಲಿ ಬಿದ್ದು, ಒಬ್ಬೊಬ್ಬರ ಹೆಸರಿನಲ್ಲಿಯೂ ಒಬ್ಬೊಬ್ಬ ದೂತನು ಮೂಲ ಸರ್ವರಿನ ಬಾಗಿಲಿಗೆ ಧಾವಿಸುವನು. ಸಾವಿರ ಜನರಿಗೆ ಸಾವಿರ ದೂತರು. ಎಲ್ಲರ ಪ್ರಶ್ನೆಯೂ ಒಂದೇ, ರಾಶಿಗೆ ಎಷ್ಟು? ಇದನ್ನು ನಾನು ತಿಳಿಸಿದಾಗ ತರುಣನು ಶಾಂತವಾಗಿ, "ಅದೆಲ್ಲ ಬ್ಯಾಕ್‌ಗ್ರೌಂಡಿನಲ್ಲಿ ಆಗುತ್ತದೆ ಸರ್, ಯೂಸರ್‌ಗೆ ಏನೂ ತಿಳಿಯುವುದಿಲ್ಲ" ಎಂದನು. ಹಿನ್ನೆಲೆಯೆಂಬುದು ಒಂದು ದಿಕ್ಕಿನಿಂದ ನೋಡಿದಾಗ ಮಾತ್ರ ಹಿನ್ನೆಲೆ. ಆ ಸಾವಿರ ದೂತರನ್ನು ಇದಿರುಗೊಳ್ಳಬೇಕಾದ ಸರ್ವರಿಗೆ ಅದೇ ಮುನ್ನೆಲೆ. ಒಂದು ಧಾರಣೆಗೆ ಒಬ್ಬನೇ ಹೋಗಲಿ, ಉಳಿದವರು ಅವನು ಹೋಗಿರುವನೆಂದು ತಿಳಿದು ಹಳತನ್ನು ತೆಗೆದುಕೊಂಡು ಸುಮ್ಮನಿರಲಿ ಎಂದು ಬರೆದೆ. ಗೋ ಭಾಷೆಯವರು 'ಸಿಂಗಲ್‌ಫ್ಲೈಟ್' ಎಂಬ ಪ್ಯಾಕೇಜನ್ನೇ ಇದಕ್ಕಾಗಿ ಮಾಡಿಟ್ಟಿರುವರು. ಇದು ನನ್ನ ಸ್ವಂತ ಪ್ರತಿಭೆಯಲ್ಲ.

ಮರುದಿನ ಬಂದ ತಿದ್ದುಪಡಿಯಲ್ಲಿ ಒಂದು ಧ್ವಜ ಹಾರಾಡುತ್ತಿತ್ತು. ತರಲು ಹೊರಟವನು 'ಹೋಗಿದ್ದೇನೆ' ಎಂಬ ಫ್ಲ್ಯಾಗನ್ನು ಏರಿಸುವನು. ತಂದಾದ ಮೇಲೆ ಇಳಿಸುವನು. ಫ್ಲ್ಯಾಗು ಮೇಲಿರುವ ತನಕ ಇನ್ನೊಬ್ಬನು ಹೊರಡುವಂತಿಲ್ಲ. ಇದೂ ಸುಂದರವೇ, ಆದರೆ ಹೋದವನು ದಾರಿಯಲ್ಲಿಯೇ ಬಿದ್ದುಹೋದರೆ? ನೆಟ್‌ವರ್ಕು ಕೈಕೊಟ್ಟು ಎಕ್ಸೆಪ್ಶನ್ ಎದ್ದರೆ, ಫ್ಲ್ಯಾಗನ್ನು ಇಳಿಸುವ ಸಾಲಿಗೆ ಆ ಕೋಡು ತಲುಪುವುದೇ ಇಲ್ಲ. ದೂತನು ಹೋಗಿರುವನೆಂದು ನಂಬಿ ಎಲ್ಲರೂ ಕೈಕಟ್ಟಿ ಕುಳಿತು, ಆ ದಿನದ ಚಾಲಿಯ ಧಾರಣೆಯೇ ಆಚಂದ್ರಾರ್ಕವಾಗಿ ಸ್ಥಿರಪಟ್ಟು, ಬೆಲೆಯ ಏರಿಳಿತವೆಂಬ ಬೆಳೆಗಾರನ ಅನಾದಿಕಾಲದ ಸಂಕಟವು ಮೂರು ಸಾಲಿನ ಕೋಡಿನಿಂದ ಪರಿಹಾರವಾಗಿಬಿಡುತ್ತದೆ! ಗೆದ್ದರೂ ಸೋತರೂ ಫ್ಲ್ಯಾಗನ್ನು ಇಳಿಸುವ 'ಫೈನಲಿ' ಎಂಬ ಒಂದು ಕಟ್ಟು ಅಲ್ಲಿ ಬೇಕಾಗಿತ್ತು. "ಹಾಗಾದರೆ ಸರ್ವರ್ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ ಸರ್" ಎಂದು ತರುಣ. ಸರಿಹೋಗುತ್ತದೆ, ನಿಜ, ಯಾರಾದರೂ ದೂರು ಕೊಟ್ಟರೆ ತಾನೆ ರೀಸ್ಟಾರ್ಟು? ಪರದೆಯ ಮೇಲೆ ಅಂಕಿಯೊಂದು ಠೀವಿಯಿಂದ ಕುಳಿತಿರುವಾಗ ಅದು ಹಳೆಯದೆಂದು ದೂರುವವರು ಯಾರು? ಸರ್ವರು ಬಿದ್ದರೆ ಕೂಡಲೆ ಎಲ್ಲರಿಗೂ ತಿಳಿಯುತ್ತದೆ. ಹಳತನ್ನು ಕೊಡುತ್ತ ಸೊಗಸಾಗಿ ನಡೆಯುತ್ತಿರುವ ಸರ್ವರಿನ ರೋಗವು ಯಾರಿಗೂ ತಿಳಿಯುವುದಿಲ್ಲ. ಕೋಡ್ ಓದುವವನು ಹೆದರಬೇಕಾದದ್ದು ಈ ಎರಡನೆಯದಕ್ಕೇ.

ಎಕ್ಸೆಪ್ಶನ್ನನ್ನು ಹಿಡಿದ ಮೇಲೆ ಏನು ಮಾಡಬೇಕೆಂಬ ಸ್ಥಳದಲ್ಲಿ 'ಹೀಗಾಗುವುದಿಲ್ಲ' ಎಂಬ ಟಿಪ್ಪಣಿಯೊಂದು ಇತ್ತೇ ಹೊರತು ಕೋಡು ಇರಲಿಲ್ಲ. ಒಂದು ಲಾಗನ್ನಾದರೂ ಬರೆಯಪ್ಪ ಎಂದೆ. ಬರೆದನು, ಉತ್ಸಾಹದಿಂದ ಇನ್ನೊಂದನ್ನೂ ಸೇರಿಸಿದನು: ಹೊಸತು ದೊರೆಯದಿದ್ದರೆ ಇದ್ದ ಹಳತನ್ನೂ ಕ್ಯಾಶಿನಿಂದ ಅಳಿಸಿಬಿಡುವುದು. ತಪ್ಪು ಧಾರಣೆ ತೋರಿಸುವುದಕ್ಕಿಂತ ಏನನ್ನೂ ತೋರಿಸದಿರುವುದೇ ಪ್ರಾಮಾಣಿಕತೆಯೆಂದು ಅವನ ತರ್ಕ. ಈ ಪ್ರಾಮಾಣಿಕತೆಯ ಫಲವನ್ನು ಲೋಕವು ೨೦೧೦ರ ಸೆಪ್ಟೆಂಬರ್ ೨೩ರಂದು ಕಂಡಿದೆ. ಆ ದಿನ ಫೇಸ್‌ಬುಕ್ಕಿನಲ್ಲಿ ಮೂಲದ ಸಂರಚನಾ ಮೌಲ್ಯವೊಂದನ್ನು ಬದಲಿಸಿದಾಗ, ಆ ಹೊಸ ಮೌಲ್ಯವೇ ಅಸಿಂಧುವೆಂದು ಪರಿಗಣಿತವಾಯಿತು. ಕ್ಯಾಶಿನಲ್ಲಿ ಕೆಟ್ಟದ್ದು ಕಂಡರೆ ಮೂಲಕ್ಕೆ ಹೋಗಿ ಸರಿಪಡಿಸಿಕೊಳ್ಳಬೇಕೆಂದು ಉಪದೇಶ ಪಡೆದಿದ್ದ ಯಂತ್ರಗಳೆಲ್ಲವೂ ಒಮ್ಮೆಗೇ ಡೇಟಾಬೇಸಿನ ಮೇಲೆ ಮುಗಿಬಿದ್ದವು. ಡೇಟಾಬೇಸು ಆ ಭಾರಕ್ಕೆ ತತ್ತರಿಸಿ ದೋಷವನ್ನು ಹಿಂದಿರುಗಿಸಿದರೆ, ಅದನ್ನೂ ಕೆಟ್ಟ ಮೌಲ್ಯವೆಂದೇ ಎಣಿಸಿ, ಕ್ಯಾಶಿನಲ್ಲಿದ್ದುದನ್ನು ಅಳಿಸಿ, ಪುನಃ ಕೇಳಲು ಓಡಿದವು. ಮೂಲದ ಮೌಲ್ಯವನ್ನು ಸರಿಮಾಡಿದ ಮೇಲೆಯೂ ಈ ಚಕ್ರ ನಿಲ್ಲಲಿಲ್ಲ. ಕಟ್ಟಕಡೆಗೆ ಡೇಟಾಬೇಸಿಗೆ ಉಸಿರಾಡಲು ಅವಕಾಶ ಮಾಡಿಕೊಡುವ ಸಲುವಾಗಿ ಇಡೀ ಫೇಸ್‌ಬುಕ್ಕನ್ನೇ ಮುಚ್ಚಬೇಕಾಗಿ ಬಂದು, ಸುಮಾರು ಎರಡೂವರೆ ಗಂಟೆಗಳ ಕಾಲ ಅಸಂಖ್ಯಾತ ಜನ ತಮ್ಮ ತಮ್ಮ ಮನೆಯವರೊಡನೆ ನೇರವಾಗಿ ಮಾತನಾಡುವ ದುಃಸ್ಥಿತಿಗೆ ಗುರಿಯಾದರು. ಸರಿಪಡಿಸಲು ಹೊರಟ ವ್ಯವಸ್ಥೆಯನ್ನೇ ಆಮೇಲೆ ಅವರು ನಿಲ್ಲಿಸಿದರಂತೆ. ಹೊಸತು ಕೈಗೆ ಬಂದು, ಅದು ಯೋಗ್ಯವೆಂದು ಗೊತ್ತಾಗುವ ತನಕ ಹಳತನ್ನು ಚೆಲ್ಲಬೇಡ ಎಂದು ನಾನು ತರುಣನಿಗೆ ಬರೆದದ್ದು ಈ ಪುರಾಣದ ಬಲದಿಂದಲೇ. ಒಮ್ಮೆ ಸೋತವನು ಕೂಡಲೆ ಮತ್ತೆ ಓಡದೆ, ಸ್ವಲ್ಪ ತಡೆದು, ಮತ್ತೂ ಸೋತರೆ ಇನ್ನಷ್ಟು ತಡೆದು ಹೋಗಲಿ ಎಂದೂ ಸೇರಿಸಿದೆ.

ಇನ್ನೊಂದು ವಿಚಿತ್ರವನ್ನು ಯಾರೂ ಗಮನಿಸಿರಲಿಲ್ಲ. ಯಾರಾದರೂ ಕೇಳಿದ ಮೇಲೆ ತಾನೆ ದೂತನು ಹೊರಡುವುದು? ರಾತ್ರಿಯೆಲ್ಲ ಕೇಳುವವರಿಲ್ಲ. ಬೆಳಗಿನ ಜಾವ ಎದ್ದು, ದೀಪ ಹಚ್ಚುವ ಮೊದಲೇ ಮೊಬೈಲು ತೆರೆಯುವ ಶ್ರದ್ಧಾವಂತನಿಗೆ ದೊರೆಯುವುದು ಹಿಂದಿನ ರಾತ್ರಿಯ ಅಂಕಿ. ಅವನ ಪುಣ್ಯದಿಂದ ಹೊಸತು ಬಂದು ಸೇರುವುದು, ತಡವಾಗಿ ಎದ್ದು ಕಾಫಿ ಕುಡಿದು ಸಾವಧಾನವಾಗಿ ನೋಡಿದ ಎರಡನೆಯವನಿಗೆ. ರಾತ್ರಿಯ ಅಂಕಿಯಾದರೆ ಚಿಂತೆಯಿಲ್ಲ. ರಾತ್ರಿಯಲ್ಲಿ ಅಡಕೆ ವ್ಯಾಪಾರವಾಗುವುದಿಲ್ಲ. ಆದರೆ ಹೆಚ್ಚು ಜನ ವಿಚಾರಿಸದ ಯಾವುದೋ ಮೂಲೆಯ ಮಾರುಕಟ್ಟೆಯ ಗೊರಬಲಿನ ಬೆಲೆಯನ್ನು ಎರಡು ವಾರದಿಂದ ಯಾರೂ ಕೇಳಿಲ್ಲವೆಂದಿಟ್ಟುಕೊಳ್ಳಿ. ಆಮೇಲೆ ಕೇಳಿದ ಮೊದಲನೆಯವನಿಗೆ, ಎರಡು ವಾರದ ಹಳೆಯ ಬೆಲೆಯನ್ನು, ಒಂದಿಷ್ಟೂ ಅಳುಕಿಲ್ಲದೆ, ಮಿಂಚಿನ ವೇಗದಲ್ಲಿ ಈ ಕೋಡು ಒಪ್ಪಿಸುತ್ತಿತ್ತು. ಆರ್‌ಎಫ್‌ಸಿಯ ಕೊನೆಯ ವಾಕ್ಯವನ್ನು ನೆನಪಿಡಿರೆಂದು ಕೇಳಿಕೊಂಡದ್ದು ಇದಕ್ಕಾಗಿ. ಅಂತರಜಾಲದ ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನವರೂ ೨೦೨೦ರ ಆರ್‌ಎಫ್‌ಸಿ ೮೭೬೭ರಲ್ಲಿ, ಮೂಲವು ಉತ್ತರಿಸದಿದ್ದಾಗ ಹಳೆಯ ವಿಳಾಸವನ್ನೇ ಕೊಡಬಹುದೆಂದು ಸಮ್ಮತಿಸಿ, ಆ ಔದಾರ್ಯಕ್ಕೆ ಒಂದರಿಂದ ಮೂರು ದಿನಗಳ ಮಿತಿಯನ್ನು ಸೂಚಿಸಿರುವರು. ನಮ್ಮ ತರುಣನಲ್ಲಿ ಔದಾರ್ಯವಿತ್ತು, ಮಿತಿಯಿರಲಿಲ್ಲ.

"ಅಷ್ಟು ಹಳೆಯದನ್ನು ಯಾರು ನೋಡುತ್ತಾರೆ ಸರ್?" ಎಂದು ಅವನು ಕೇಳಿದಾಗ, "ನಿಮ್ಮ ಊರಲ್ಲಿ ಧಾರಣೆಯನ್ನು ಯಾವುದರಲ್ಲಿ ನೋಡುತ್ತಾರಪ್ಪ?" ಎಂದು ನಾನು ವಿಚಾರಿಸಿದೆ. ಸ್ವಲ್ಪ ಹೊತ್ತು ಮೌನವಾಗಿದ್ದು, "ಅಪ್ಪಯ್ಯ ಇದೇ ಆ್ಯಪು ನೋಡುತ್ತಾರೆ" ಎಂದನು. ಆ ಸಂಜೆ ಬಂದ ತಿದ್ದುಪಡಿಯಷ್ಟು ಕೂಲಂಕಷವಾದುದನ್ನು ನಾನು ಈ ವೃತ್ತಿಯಲ್ಲಿ ಹೆಚ್ಚಾಗಿ ಕಂಡಿಲ್ಲ. ಒಂದು ಗಂಟೆ ಮೀರಿದ ಅಂಕಿಯನ್ನು ಕೊಡದೆ, ಕೇಳಿದವನನ್ನು ಕಾಯಿಸಿ ಹೊಸತನ್ನು ತರುವುದು. ತರಲಾಗದಿದ್ದರೆ ಇದ್ದುದನ್ನು 'ಹಳೆಯ ಧಾರಣೆ' ಎಂಬ ಪಟ್ಟಿಯೊಡನೆ ತೋರಿಸುವುದು. ಎಲ್ಲ ಮಾರುಕಟ್ಟೆಗಳ ಅವಧಿಯೂ ಒಂದೇ ಕ್ಷಣದಲ್ಲಿ ಮುಗಿಯದಂತೆ ಒಂದಕ್ಕೊಂದು ಹಿಂದುಮುಂದು ಮಾಡುವುದು. ತಡವಾಗಿ ಹಿಂದಿರುಗಿದ ದೂತನು ಅಷ್ಟರಲ್ಲಿ ಬಂದು ಕುಳಿತ ಹೊಸ ಅಂಕಿಯ ಮೇಲೆ ತನ್ನ ಹಳೆಯದನ್ನು ಬರೆಯದಂತೆ ತಡೆಯುವುದು. ನಾನು ಕೇಳದೆ ಇದ್ದ ಈ ಕಡೆಯದೂ ಅದರಲ್ಲಿತ್ತು. ಶಾಸ್ತ್ರಗ್ರಂಥಗಳು ಸಾಧಿಸಲಾರದ್ದನ್ನು ಅಪ್ಪಯ್ಯನವರು ತಮಗೇ ತಿಳಿಯದಂತೆ ಸಾಧಿಸಿದ್ದರು. ಟೆಸ್ಟುಗಳಲ್ಲಿ ಮಾತ್ರ ಹತ್ತು ನಿಮಿಷ ನಿಜವಾಗಿಯೂ ನಿದ್ರಿಸುವ ಸಾಲೊಂದು ಉಳಿದಿತ್ತು. ಗಡಿಯಾರವನ್ನು ಹೊರಗಿನಿಂದ ಕೊಟ್ಟು ಮುಂದಕ್ಕೆ ತಿರುಗಿಸಿದರೆ ಸಾಕೆಂದು ಹೇಳಿ, ಅದೂ ಆದ ಬಳಿಕ ಅಪ್ರೂವ್ ಗುಂಡಿಯನ್ನು ಒತ್ತಿದೆ. 'ರೇಟ್ಸ್ ಡೇಟಾ' ಎಂಬ ಹೆಸರಿನ ತಂಟೆಗೆ ನಾನು ಹೋಗಲಿಲ್ಲ.

ಆ ಕೋಡು ಈಗ ಪ್ರೊಡಕ್ಷನ್ನಿನಲ್ಲಿದೆ. ಅಡಕೆ ಬೆಳೆಯುವ ಮಹನೀಯರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಲ್ಲಿ ಒಂದು ವಿಜ್ಞಾಪನೆ: ಯಾವ ಆ್ಯಪಿನಲ್ಲಿಯೇ ಆಗಲಿ, ಧಾರಣೆಯನ್ನು ಕಂಡ ಕೂಡಲೆ ಚೀಲಕ್ಕೆ ಹೊಲಿಗೆ ಹಾಕಿಸಬೇಡಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅದು ಯಾವಾಗಿನದೆಂದು ಬರೆದಿರುತ್ತದೆ, ಅದನ್ನು ಮೊದಲು ಓದಿ. ಬರೆದಿಲ್ಲವಾದರೆ ಮಂಡಿಗೆ ಒಂದು ಫೋನ್ ಮಾಡಿ ಕೇಳಿ.