ಮೂರನೇ ಸಲದ ಪ್ರವಾಸಿ

ಥಾಯ್ಲೆಂಡ್-ಮಲೇಷ್ಯಾ ಗಡಿಯ ಸಡಾವ್ ತಪಾಸಣಾ ಠಾಣೆ. ಗಾಜಿನಾಚೆ ಅಧಿಕಾರಿ, ಈಚೆ ಯುರೋಪಿನ 'ಪ್ರವಾಸಿ'.

"ವೀಸಾ ಇಲ್ಲದೆ ರಸ್ತೆ ದಾರಿಯಲ್ಲಿ ವರ್ಷಕ್ಕೆ ಎರಡೇ ಸಲ. ನಿಮ್ಮದು ಮೂರನೆಯದು."

"ನಾನು ಆಚೆ ಹೋಗಿ ಅರ್ಧ ಗಂಟೆಯೂ ಆಗಿಲ್ಲವಲ್ಲ ಸ್ವಾಮಿ!"

"ಅದೇ ತೊಂದರೆ. ಮಲೇಷ್ಯಾದಲ್ಲಿ ಏನು ನೋಡಿದಿರಿ?"

"ಸೀಲು ಒತ್ತುವ ಕಿಟಕಿ. ಬಹಳ ಚೆನ್ನಾಗಿದೆ."

"ಇಲ್ಲೇನು ನೋಡಬೇಕು?"

"ನೋಡೋಕೇನೂ ಇಲ್ಲ. ಮನೆ ಬಾಡಿಗೆ ಕಟ್ಟಬೇಕು, ನಾಯಿಗೆ ಊಟ ಹಾಕಬೇಕು."

"ಪ್ರವಾಸಿಗೆ ನಾಯಿ ಬೇರೆ!"

"ಅದು ಇಲ್ಲಿಯದೇ, ಅದಕ್ಕೆ ವೀಸಾ ಬೇಡ."

"ವಿಮಾನದಲ್ಲಿ ಬನ್ನಿ. ಅಲ್ಲಿ ಇಷ್ಟೇ ಸಲ ಅಂತ ಬರೆದಿಲ್ಲ. ಕೌಂಟರಿನವರಿಗೆ ಅನುಮಾನ ಬರದಿದ್ದರೆ ಸಾಕು."

"ಅಂದರೆ ನೆಲದ ಮೇಲೆ ಬಂದವನು ಕಳ್ಳ, ಆಕಾಶದಿಂದ ಇಳಿದವನು ಅತಿಥಿ?"

"ಟಿಕೆಟ್ಟಿಗೆ ದುಡ್ಡು ಸುರಿದವನು ಅತಿಥಿ."

(ಪಕ್ಕದ ಸಾಲಿನ ಮಲೇಷ್ಯಾದವರಿಗೆ ಈ ಲೆಕ್ಕವಿಲ್ಲ. ಅವರು ಸೀಲು ಹಾಕಿಸಿಕೊಂಡು ಊಟಕ್ಕೆ ನಡೆದರು. ನೆರೆಯವರ ಜೇಬು ಯಾವತ್ತೂ ಸ್ವಾಗತಾರ್ಹ.)

"ಸರಿ, ಹೊಸ ವರ್ಷದವರೆಗೆ ಈ ಎರಡು ಕಿಟಕಿಗಳ ನಡುವೆಯೇ ಇರಲೇ?"

"ಅಲ್ಲಿಗೆ ನಮ್ಮ ನಿಯಮ ಅನ್ವಯಿಸುವುದಿಲ್ಲ."

ಎರಡೇ ಸಲದ ಈ ಕಟ್ಟಳೆ ಜಾರಿಗೆ ಬಂದದ್ದು 2016ರ ಡಿಸೆಂಬರ್ 31ರಂದು. 2024ರ ಜುಲೈನಲ್ಲಿ ಭಾರತೀಯರೂ ಸೇರಿದಂತೆ 93 ದೇಶ-ಪ್ರದೇಶಗಳವರಿಗೆ ವೀಸಾ ಇಲ್ಲದೆ 60 ದಿನ ಇರಲು ಬಿಟ್ಟಾಗಲೂ ಅದನ್ನು ತೆಗೆಯಲಿಲ್ಲ.