ಏಳೂವರೆ ಲಕ್ಷದ ಶನಿ

ಸಂಜೆ ಆರರ ಮೇಲೆ ಮಾಗಡಿ ರಸ್ತೆಯಲ್ಲಿ ನಿಂತು ನೋಡಿ. ನಡೆದು ಹೋಗುವವರ ಮೊಣಕೈ ಸವರಿಕೊಂಡೇ ನುಗ್ಗುವ ಆಟೋ, ಬೈಕು, ಟೆಂಪೊಗಳೆಲ್ಲ ಒಂದು ಬೆಂಜ್ ಕಾರು ಬಂದರೆ ಸಾಕು, ಮಡಿಯುಟ್ಟ ಅಜ್ಜಿಗೆ ದಾರಿ ಬಿಟ್ಟ ಹಾಗೆ ಸರಿದು ನಿಲ್ಲುತ್ತವೆ. ಮನುಷ್ಯನಿಗೆ ತಾಗಿದರೆ ‘ನೋಡ್ಕೊಂಡ್ ಹೋಗ್ರೀ’ ಅಂದರಾಯಿತು, ಬೆಂಜಿಗೆ ತಾಗಿದರೆ ಸೈಟು ಮಾರಬೇಕು ಎಂಬುದು ನಮ್ಮೂರಿನ ಲೆಕ್ಕ.

ವಿಮೆಯ ಲೆಕ್ಕ ಇದಕ್ಕೆ ತದ್ವಿರುದ್ಧ. ಕಾರಿನ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬೇರೆಯವರ ಸಾವು ನೋವಿಗೆ ಮಿತಿಯಿಲ್ಲ. ನ್ಯಾಯಮಂಡಳಿ ಎಷ್ಟು ಹೇಳುತ್ತದೋ ಅಷ್ಟು ಕಂಪನಿ ಕಟ್ಟಬೇಕು. ಬೇರೆಯವರ ಆಸ್ತಿಗೆ, ಅಂದರೆ ಕಾರು, ಕಾಂಪೌಂಡು, ಬೀಡಾ ಅಂಗಡಿಗೆ ಆದ ನಷ್ಟಕ್ಕೆ ಮಾತ್ರ 7.5 ಲಕ್ಷ ರೂಪಾಯಿಯ ಗೆರೆ. ಗೆರೆ ದಾಟಿದ್ದು ಗುದ್ದಿದವನ ಜೇಬಿಗೆ. ಇಡೀ ಬೆಂಗಳೂರಿನಲ್ಲಿ ಕಾರಿಗಿಂತ ಮನುಷ್ಯನಿಗೆ ಬೆಲೆ ಜಾಸ್ತಿ ಇರುವುದು ಆ ಕಾಗದದಲ್ಲಿ ಮಾತ್ರ ಎಂದು ನನ್ನ ಗುಮಾನಿ.

ಆ ಗೆರೆ ದಾಟಿದ ಪುಣ್ಯಾತ್ಮ ನನ್ನ ಭಾವಮೈದುನ. ವಿಜಯನಗರದಲ್ಲಿ ಮನೆ, ಕೆಂಗೇರಿಯಲ್ಲಿ ಕೆಲಸ, ಮಧ್ಯೆ ಒಂದು ಹಳೇ ಪುಟ್ಟ ಕಾರು. ಭಾನುವಾರ ನಮ್ಮನೆಗೆ ಊಟಕ್ಕೆ ಹೊರಟವನು ಫೋನ್ ಮಾಡಿದ.

“ಭಾವ, ಹಾವನೂರು ಸರ್ಕಲ್ ಹತ್ರ ಸ್ವಲ್ಪ ಬರ್ತೀರಾ? ಟಚ್ ಆಗಿದೆ.”

“ಯಾವುದಕ್ಕೆ?”

“ಬೆಂಜಿಗೆ.”

ನಾನು ಹೋಗುವಷ್ಟರಲ್ಲಿ ಕೋರ್ಟು ಶುರುವಾಗಿತ್ತು. ಹಾಲಿನ ಪ್ಯಾಕೆಟ್ ಹಿಡಿದ ನಿವೃತ್ತರೊಬ್ಬರು ನ್ಯಾಯಾಧೀಶರು, ಹೂ ಮಾರುವಾಕೆ ಪ್ರತ್ಯಕ್ಷ ಸಾಕ್ಷಿ. ನನ್ನನ್ನು ಕರೆತಂದ ಆಟೋದವರು ಮೀಟರ್ ನಿಲ್ಲಿಸುವ ಮೊದಲೇ “ತಪ್ಪೆಲ್ಲ ದೊಡ್ಡ ಗಾಡಿಯವರದ್ದೇ” ಎಂದು ತೀರ್ಪು ಕೊಟ್ಟರು. ನಮ್ಮವನು ಕಳಚಿ ಬಿದ್ದ ತನ್ನ ಬಂಪರನ್ನು ಕಂಕುಳಲ್ಲಿ ಇಟ್ಟುಕೊಂಡು, “ತಪ್ಪಾಯ್ತು ಸರ್, ಎಷ್ಟಾದ್ರೂ ಕೊಡ್ತೀನಿ ಸರ್” ಎನ್ನುತ್ತಿದ್ದ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಳ್ಳಬಾರದು, ದುಡ್ಡು ಕೊಡುವ ಮಾತಾಡಬಾರದು ಎಂಬ ಷರತ್ತು ಪಾಲಿಸಿಯಲ್ಲೇ ಅಚ್ಚಾಗಿದೆ. ಗುದ್ದಿಯೂ ಕ್ಷಮೆ ಕೇಳದೆ ನಿಲ್ಲುವ ವಿದ್ಯೆಯನ್ನು ಅವರಮ್ಮ ಅವನಿಗೆ ಕಲಿಸಿರಲಿಲ್ಲ.

ಬೆಂಜಿನವರು ಕೂಗಾಡಲಿಲ್ಲ. “ಎಸ್ಟಿಮೇಟ್ ಬರಲಿ, ನೋಡೋಣ” ಎಂದು ನಂಬರ್ ತೆಗೆದುಕೊಂಡು ಹೋದರು. ಕೂಗಾಡದವರನ್ನು ಕಂಡರೆ ನನಗೆ ಭಯ.

ಎಸ್ಟಿಮೇಟ್ ಬಂತು. ಹೆಡ್‌ಲೈಟು, ಬಾನೆಟ್ಟು, ಬಂಪರು, ಬಂಪರಿನೊಳಗೆ ಅವಿತಿದ್ದ ರೇಡಾರು, ಅದಕ್ಕೆ ಮತ್ತೆ ನೆಟ್ಟಗೆ ನೋಡುವುದನ್ನು ಕಲಿಸುವ ಮಜೂರಿ. ನಮ್ಮವನ ಇಡೀ ಕಾರಿಗೆ ವಿಮೆಯವರು ಕಟ್ಟಿದ್ದ ಬೆಲೆಗೆ ಅಲ್ಲಿ ಒಂದು ಜೊತೆ ಹೆಡ್‌ಲೈಟೂ ಬರುವ ಹಾಗಿರಲಿಲ್ಲ. ಒಟ್ಟು 8,90,000. ಏಳೂವರೆ ಕಳೆದರೆ ಮಿಕ್ಕಿದ್ದು 1,40,000.

ಅತ್ತೆ ಪಂಚಾಂಗ ತೆಗೆದರು. “ನಾನು ಆಗಲೇ ಹೇಳಿದ್ದೆ ಅಳಿಯಂದ್ರೇ, ಇವನಿಗೆ ಏಳೂವರೆ ಶನಿ ನಡೀತಿದೆ.”

ಶನಿಯಾದರೂ ಏಳೂವರೆಗೆ ಬಿಟ್ಟು ಹೋಗುತ್ತಾನೆ, ಇದು ಏಳೂವರೆ ದಾಟಿದ ಮೇಲೆ ಶುರುವಾಗುವುದು ಎಂದು ವಿವರಿಸಲು ಹೋಗಿ ಸುಮ್ಮನಾದೆ.

ಕಾಗದ ಓದಲು ಬರುತ್ತದೆ ಎಂಬ ಅಪವಾದ ನನ್ನ ಮೇಲಿರುವುದರಿಂದ ಮುಂದಿನದ್ದು ನನ್ನ ತಲೆಗೆ ಬಂತು. ಅವನ ಬಾಯಿ ಮುಚ್ಚಿಸಿ, ಪೊಲೀಸರಿಗೆ ಮತ್ತು ಕಂಪನಿಗೆ ಬರೆದು ಕೊಟ್ಟೆವು. ಆಮೇಲೆ ತಿಳಿದದ್ದು ಇಷ್ಟು: ಕಾರಿನ ನಷ್ಟವನ್ನು ಗುದ್ದಿದವನ ವಿಮೆಯಿಂದ ವಸೂಲಿ ಮಾಡಬೇಕಾದರೆ ಬೆಂಜಿನವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕು. ಬೆಂಗಳೂರಿನಲ್ಲಿ ಆ ಕೆಲಸ ಲಘು ವ್ಯವಹಾರಗಳ ನ್ಯಾಯಾಲಯದ್ದು. ಒಂಬತ್ತು ಲಕ್ಷ ಅದ್ಯಾವ ಸೀಮೆ ಲಘುವೋ! ಅಲ್ಲಿ ವರ್ಷಗಟ್ಟಲೆ ಕಾಯುವ ವ್ಯವಧಾನ ಬೆಂಜ್ ಇಟ್ಟವರಿಗೆ ಇರುವುದಿಲ್ಲ. ಅವರು ತಮ್ಮದೇ ಪಾಲಿಸಿಯಿಂದ ರಿಪೇರಿ ಮಾಡಿಸಿಕೊಂಡರು. ನಮ್ಮಿಂದ ಕೇಳಿದ್ದು ಫೈಲ್ ಚಾರ್ಜು ಮತ್ತು ಹೋದ ನೋ ಕ್ಲೇಮ್ ಬೋನಸ್ಸು. ಐದು ವರ್ಷ ಕ್ಲೇಮ್ ಮಾಡದವರಿಗೆ ಪ್ರೀಮಿಯಂನ ಸ್ವಂತ ಹಾನಿ ಭಾಗದಲ್ಲಿ 50% ರಿಯಾಯಿತಿ ಇರುತ್ತದೆ. ಬೆಂಜಿನಂಥ ಕಾರಿಗೆ ಅದೇನು ಸಣ್ಣ ಮೊತ್ತವಲ್ಲ. ಆದರೂ 1,40,000ಕ್ಕಿಂತ ವಾಸಿ. ನಮ್ಮ ಕಂಪನಿಯ ಒಪ್ಪಿಗೆ ತರಿಸಿಕೊಂಡು, ದುಡ್ಡು ಕೊಟ್ಟು, ಅವರಿಂದ ರಶೀದಿ ಬರೆಸಿಕೊಂಡೆ.

ತಾನು ಕೊಟ್ಟ ಹಣವನ್ನು ಗುದ್ದಿದವನ ಕಡೆಯಿಂದ ವಸೂಲಿ ಮಾಡುವ ಹಕ್ಕು ಬೆಂಜಿನ ವಿಮೆ ಕಂಪನಿಗೆ ಇದ್ದೇ ಇದೆ. ಹಾಗಾಗಿ ಇವತ್ತಿಗೂ ಪೋಸ್ಟ್‌ಮ್ಯಾನ್ ಗೇಟು ತೆಗೆದರೆ ಭಾವಮೈದುನ ಹಿತ್ತಲಿಗೆ ಹೋಗುತ್ತಾನೆ. ಅವನ ಕಂಕುಳಲ್ಲಿದ್ದ ಬಂಪರಿನ ಕಥೆ ಚಿಕ್ಕದು: ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ದುಡ್ಡು ಸವಕಳಿಗೆ ಹೋಯಿತು, ಇನ್ನರ್ಧ ಬಂತು.

ಈಗ ನೀವು ಒಂದು ಕೆಲಸ ಮಾಡಿ. ನಿಮ್ಮ ಪಾಲಿಸಿ ತೆಗೆದು, ಥರ್ಡ್ ಪಾರ್ಟಿ ಆಸ್ತಿ ಹಾನಿಯ ಸಾಲು ಹುಡುಕಿ. 7,50,000 ಅಂತಿದ್ದರೆ ನಿಧಾನವಾಗಿ ಓಡಿಸಿ. 6,000 ಅಂತಿದ್ದರೆ ಯಾರೋ ನಿಮಗೆ ಪ್ರೀಮಿಯಂನಲ್ಲಿ ಚಿಲ್ಲರೆ ಉಳಿಸಿಕೊಟ್ಟು, 1988ರ ಕಾಯ್ದೆ ಬರೆದಾಗಿನ ಕನಿಷ್ಠ ಮಿತಿಯನ್ನು ಕೊಡಿಸಿದ್ದಾರೆ. ಅದನ್ನು ಬದಲಾಯಿಸುವ ತನಕ ಕಾರು ಶೆಡ್ಡಿನಲ್ಲೇ ಇರಲಿ. ವಿಜಯನಗರದಿಂದ ಕೆಂಗೇರಿಗೆ 2021ರ ಆಗಸ್ಟಿನಿಂದ ಮೆಟ್ರೊ ಇದೆ.