ನಿಲ್ಲುವುದಕ್ಕೂ ಫೀಸು

ಹಿಡಿಯಲು ಕಂಬಿ ಸಿಗದಿದ್ದರೂ ಮೆಜೆಸ್ಟಿಕ್‌ನಿಂದ ಬನಶಂಕರಿವರೆಗೆ ಸಿಟಿ ಬಸ್ಸಿನಲ್ಲಿ ನಿಂತೇ ಬರುವವನು ನಾನು. ಅಂಥವನು ದುಡ್ಡು ಕೊಟ್ಟು ನಿಲ್ಲಲು ಕಲಿಯುತ್ತೇನೆಂದು ಹೊರಟಾಗ ಮನೆಯವಳು ಬೇಡವೆನ್ನಲಿಲ್ಲ. ಈಜು ಬರುತ್ತದೆಯೇ ಎಂದೂ ಕೇಳಲಿಲ್ಲ. ಒಣಮೀನು ಮಾತ್ರ ತರಬೇಡಿ, ಹೋದ ಸಲದ ವಾಸನೆ ಸೂಟ್‌ಕೇಸಿನಿಂದ ಇನ್ನೂ ಹೋಗಿಲ್ಲ ಎಂದಳು.

ಹೋದದ್ದು ಸಸಿಹಿತ್ಲಿಗೆ. ಮಂಗಳೂರು–ಉಡುಪಿ ಹೆದ್ದಾರಿಯ ಹಳೆಯಂಗಡಿಯಲ್ಲಿ ಕಡಲಿನ ಕಡೆ ತಿರುಗಿದರೆ ಸಿಗುವ ಮೀನುಗಾರರ ಊರು. ಶಾಂಭವಿ, ನಂದಿನಿ ನದಿಗಳೆರಡೂ ಜೊತೆಯಾಗಿ ಕಡಲು ಸೇರುವುದು ಇಲ್ಲೇ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದದ್ದೂ ಇದೇ ಮರಳಿನಲ್ಲಿ. ಅದಕ್ಕೂ ಬಹಳ ಮೊದಲೇ ಪಕ್ಕದ ಮೂಲ್ಕಿಯಲ್ಲಿ, ಅಮೆರಿಕದಿಂದ ಬಂದು ಸನ್ಯಾಸಿಯಾದ ಜ್ಯಾಕ್ ಹೆಬ್ನರ್ ಆಶ್ರಮದ ಜೊತೆಗೆ ಸರ್ಫಿಂಗನ್ನೂ ನೆಲೆಗೊಳಿಸಿ ‘ಸರ್ಫಿಂಗ್ ಸ್ವಾಮಿ’ ಎನಿಸಿಕೊಂಡಿದ್ದರು. ಸಂಸಾರಸಾಗರ ದಾಟಿಸುವ ಸ್ವಾಮಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಉಪ್ಪುನೀರಿನ ಸಾಗರದ ಮೇಲೆಯೇ ಶಿಷ್ಯರನ್ನು ನಿಲ್ಲಿಸಿದವರು ಇನ್ನೊಬ್ಬರಿದ್ದರೆ ನನಗೆ ತಿಳಿಸಿ.

ನನಗೆ ಸರ್ಫಿಂಗ್ ಹಲಗೆಯ ಮೇಲೆ ನಿಲ್ಲಲು ಕಲಿಸಲು ಬಂದ ಹುಡುಗ ಸಸಿಹಿತ್ಲಿನವನೇ. ಹಿಂದಿನಿಂದ ಬಂದು ನನ್ನನ್ನು ದೂಡಿಯೇಬಿಟ್ಟ. ಜಗಳವಲ್ಲ, ಪರೀಕ್ಷೆಯಂತೆ: ಮುಗ್ಗರಿಸುವಾಗ ಯಾವ ಕಾಲು ಮುಂದಾಗುತ್ತದೋ ಹಲಗೆಯ ಮೇಲೂ ಅದೇ ಮುಂದಿರಬೇಕು. ಎಡಗಾಲಾದರೆ ‘ರೆಗ್ಯುಲರ್’, ಬಲಗಾಲಾದರೆ ‘ಗೂಫಿ’. ಬಲಗಾಲಿಟ್ಟು ಒಳಗೆ ಬಾ ಎಂದು ಹೇಳಿಸಿಕೊಂಡು ಬೆಳೆದ ನಾನು ಗೂಫಿಯಾದೆ.

ಆಮೇಲೆ ಮರಳಿನ ಮೇಲೆ ಅಭ್ಯಾಸ. ಹಲಗೆಯ ಮೇಲೆ ಬೋರಲು ಮಲಗಿ ಎರಡೂ ಕೈಯಲ್ಲಿ ಮರಳು ಗೆಬರಬೇಕು. ‘ಅಪ್’ ಎಂದೊಡನೆ ಒಂದೇ ನೆಗೆತಕ್ಕೆ ಎದ್ದು ನಿಲ್ಲಬೇಕು. ನಾನು ಕಂತುಕಂತಾಗಿ ಎದ್ದೆ. ಮೊದಲು ಒಂದು ಮೊಣಕಾಲು, ನಂತರ ‘ಅಯ್ಯಪ್ಪಾ’, ನಂತರ ಇನ್ನೊಂದು ಮೊಣಕಾಲು. ಬಲೆ ಸರಿಪಡಿಸುತ್ತಿದ್ದ ಅಜ್ಜಂದಿರು ಕೆಲಸ ನಿಲ್ಲಿಸಿ ನೋಡಿದರು. ಒಬ್ಬರು ತುಳುವಿನಲ್ಲಿ ಏನೋ ಕೇಳಿದರು. ಹುಡುಗ ನಕ್ಕು ಕನ್ನಡಕ್ಕೆ ಇಳಿಸಿದ: “ಇವರು ಕಡಲಿಗೆ ಹೋಗಿ ಎಂತ ಹಿಡಿಯುದು ಅಂತ ಕೇಳ್ತಿದ್ದಾರೆ ಸರ್.”

ನ್ಯಾಯವಾದ ಪ್ರಶ್ನೆ. ಅಳಿವೆಯ ಬಾಯಲ್ಲಿ ಮರಳು ದಿಬ್ಬ ಎದ್ದಲ್ಲಿ ತೆರೆ ಒಡೆಯುತ್ತದೆ. ದೋಣಿಯವರಿಗೆ ಅದು ಕಂಟಕ, ಹಲಗೆಯವರಿಗೆ ಹಬ್ಬ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ನೂಲಹುಣ್ಣಿಮೆಯ ದಿನ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ, ಇನ್ನಾದರೂ ಶಾಂತಳಾಗಮ್ಮ ಎಂದು ಊರು ಬೇಡಿಕೊಳ್ಳುತ್ತದೆ. ಅದೇ ಊರಿನ ಹುಡುಗರು ಎಲ್ಲಿ ನಿಜಕ್ಕೂ ಶಾಂತಳಾಗಿಬಿಡುತ್ತಾಳೋ ಎಂದು ಮೊಬೈಲಿನಲ್ಲಿ ಅಲೆಯ ಎತ್ತರ ನೋಡುತ್ತಾರೆ. ನನ್ನ ಗುರುವಿನ ಮನೆಯ ಕಥೆಯೂ ಇದೇ. ತೆರೆ ಜೋರಿದ್ದರೆ ಅಪ್ಪ ಗೊಣಗಿ ಬಲೆ ಮಡಚುತ್ತಾರೆ, ಮಗ ಹಲಗೆ ಹೊರುತ್ತಾನೆ. ಕಡಲು ಹೇಗೇ ಇರಲಿ, ಮನೆಯಲ್ಲಿ ಒಬ್ಬರಿಗೆ ಸಂಪಾದನೆ. ಇಷ್ಟು ಒಳ್ಳೆಯ ಏರ್ಪಾಡು ಯಾವ ಯೋಜನಾ ಆಯೋಗಕ್ಕೂ ಹೊಳೆದಿರಲಾರದು.

ನೀರಿಗಿಳಿದ ಮೇಲಿನದನ್ನು ವಿಸ್ತರಿಸುವುದಿಲ್ಲ. ಅರಬ್ಬೀ ಸಮುದ್ರದ ರುಚಿ ಮೂಗಿನಿಂದಲೂ ತಿಳಿಯುತ್ತದೆ, ಅಷ್ಟೆ. ಆದರೆ ಮಧ್ಯಾಹ್ನದ ಹೊತ್ತಿಗೆ ಹುಡುಗ ಹಲಗೆಯನ್ನು ನೊರೆಯ ಮುಂದೆ ದೂಡಿದ, ನಾನು ಎದ್ದೆ, ನಿಂತೆ. ದಡದತ್ತ ರಾಜಠೀವಿಯಿಂದ ನೋಡಿದೆ. ಅಜ್ಜಂದಿರು ಊಟಕ್ಕೆ ಹೋಗಿದ್ದರು.

ಸಂಜೆ ದಾರಿಯಲ್ಲಿ ಬುಟ್ಟಿ ಇಳಿಸಿ ಕೂತಿದ್ದ ಅಕ್ಕನ ಹತ್ತಿರ ಬಂಗುಡೆಗೆ ಚೌಕಾಶಿ ಮಾಡಿದೆ. ಅವರು ರೇಟು ಇಳಿಸಿ, ಕೊಸರೆಂದು ಒಂದು ಬಂಗುಡೆ ಮೇಲೆ ಹಾಕಿ ಕೇಳಿದರು: “ಬೆಳಿಗ್ಗೆಯಿಂದ ಬೀಳ್ತಾ ಇದ್ದದ್ದು ನೀವೇ ಅಲ್ವಾ ಅಣ್ಣ? ಅದಕ್ಕೆ ಎಷ್ಟು ಕೊಟ್ರಿ?”

ಹೇಳಿದೆ. ಕೊಸರಿನ ಬಂಗುಡೆ ವಾಪಸ್ ಬುಟ್ಟಿಗೆ ಹೋಯಿತು.